ಬೋಣಿ ಹೊತ್ತಿಗೆ ಬಂದ ಮಾವಿನ ಆವಿ

ಗದ್ವಾಲದ ಬಸ್ ನಿಲ್ದಾಣದಲ್ಲಿ ಸೀರೆಯ ಗಂಟು ಇಳಿಸಿಕೊಂಡ ಮೊದಲ ದಿನವೇ ಮಾವಿನಹಣ್ಣಿನ ವಾಸನೆ ಬಂತು. ಆಗಿನ್ನೂ ಎಳ್ಳಮಾವಾಸ್ಯೆ ಕೂಡ ಆಗಿರಲಿಲ್ಲ. ಅಕಾಲದ ಹಣ್ಣು ಎಲ್ಲಿಂದ ತರಿಸುತ್ತಾರೆ, ಏನು ರೇಟು ಎಂದು ಬುಟ್ಟಿ ಹುಡುಕುತ್ತ ತಿರುಗಿದೆ. ಬುಟ್ಟಿ ಇರಲಿಲ್ಲ. ಪಕ್ಕದಲ್ಲಿ ನಿಂತವನೊಬ್ಬ ಮುಷ್ಟಿಯೊಳಗಿನ ಪೆನ್ನಿನಂಥ ಸಾಮಾನನ್ನು ತುಟಿಗಿಟ್ಟು ಎಳೆದು, ಮೂಗಿನಿಂದ ಬಿಳಿ ಮೋಡ ಬಿಟ್ಟ. ಆ ಮೋಡದ್ದೇ ವಾಸನೆ. ಹತ್ತು ಎಣಿಸುವಷ್ಟರಲ್ಲಿ ನನ್ನ ಎದೆ ಹಳೆಯ ಬಾಗಿಲಿನಂತೆ ಕಿರ್ರೆಂದು ಮುಚ್ಚಿಕೊಂಡಿತು.

ಉಬ್ಬಸ ನನಗೆ ಹೊಸದಲ್ಲ. ರಾಯಚೂರಿನಲ್ಲಿ ನಮ್ಮ ಮನೆ ಇದ್ದದ್ದು ಅಕ್ಕಿ ಗಿರಣಿಗಳ ಹಿಂದೆ. ಒಣಹಾಕಿದ ಬಟ್ಟೆಯ ಮೇಲೂ ಹೊಟ್ಟಿನ ಧೂಳು. ಗಾಳಿ ಬದಲಿಸಿ ಎಂದು ಡಾಕ್ಟರು ಹೇಳಿದಾಗ ನಾನು ಗಾಳಿಯ ಜೊತೆಗೆ ವ್ಯಾಪಾರವನ್ನೂ ಯೋಚಿಸಿದೆ. ಇಪ್ಪತ್ತು ವರ್ಷ ನಾರಾಯಣಪೇಟೆಯ ಸೀರೆ, ಗದ್ವಾಲದ ಸೀರೆ ಗಂಟು ಕಟ್ಟಿ ಮನೆಮನೆಗೆ ಹೊತ್ತವಳು ನಾನು. ತೆಲಂಗಾಣ ಬೇರೆಯಾಗಿ, ಗದ್ವಾಲ ಜಿಲ್ಲಾ ಕೇಂದ್ರವಾದ ಮೇಲೆ ಇಲ್ಲಿಗೆ ಕಚೇರಿಗಳು ಬಂದವು, ನೌಕರರ ಸಂಸಾರಗಳು ಬಂದವು. ಹಿಂದೆಯೇ ನಾನೂ ಬಂದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಇಲ್ಲಿಯವರು ನಡಿಗಡ್ಡ ಎನ್ನುತ್ತಾರೆ. ರಾಯಚೂರು ಇರುವುದೂ ಅವೇ ಎರಡು ಹೊಳೆಗಳ ನಡುವೆ. ಹಾಗೆ ನೋಡಿದರೆ ಪರಊರು ಅನ್ನಿಸಬಾರದು. ಅನ್ನಿಸುತ್ತದೆ.

ಮನೆ ಹುಡುಕುವವರು ನೀರು ನೋಡುತ್ತಾರೆ, ಬಾಡಿಗೆ ಕೇಳುತ್ತಾರೆ. ನಾನು ಪ್ರತಿ ಕೋಣೆಯಲ್ಲೂ ಕಣ್ಣು ಮುಚ್ಚಿ ನಿಂತು ಉಸಿರೆಳೆದು ನೋಡಿದೆ. ಮಾಲೀಕ ನನಗೆ ವಾಸ್ತು ಗೊತ್ತು ಎಂದುಕೊಂಡು, ಕೇಳುವ ಮುಂಚೆಯೇ ಬಾಡಿಗೆ ಇಳಿಸಿದ. ನಾನೂ ತಿದ್ದಲು ಹೋಗಲಿಲ್ಲ. ಅಂಗಡಿಗೆ ಬೀದಿಯ ಮೇಲೊಂದು ಶಟರ್ ಹಿಡಿದೆ. ಇಲ್ಲಿ ಮಳಿಗೆಗೆ ಹಾಗೆನ್ನುತ್ತಾರೆ. ನಮ್ಮ ಪುಂಡಿಪಲ್ಯ ಇಲ್ಲಿ ಪುಂಟಿಕೂರ, ಎಲೆ ಅದೇ, ಹುಳಿ ಅದೇ. ತೆಲುಗನ್ನು ಸೀರೆ ಮಾರುವಷ್ಟು ಕಲಿತೆ. ಜಗಳ ಮಾಡುವಷ್ಟು ಬರಲಿಲ್ಲ. ಊರು ಬಿಟ್ಟವರು ಮೊದಲು ಕಲಿಯಬೇಕಾದ್ದು ಜಗಳದ ಭಾಷೆಯೇ ಎಂದು ಈಗ ಹೇಳುತ್ತೇನೆ.

ಊರಲ್ಲಿ ಬೀಡಿ ಸೇದುವವರಿಗೆ ಒಂದು ಸಂಕೋಚವಿತ್ತು. ಹೆಣ್ಣುಮಕ್ಕಳು ಬಂದರೆ ಬೀಡಿಯನ್ನು ಅಂಗೈಯಲ್ಲಿ ಮುಚ್ಚುತ್ತಿದ್ದರು, ಒಬ್ಬರು ಕೆಮ್ಮಿದರೆ ಎದ್ದು ಮೂಲೆಗೆ ಹೋಗುತ್ತಿದ್ದರು. ಈ ಮಾವಿನ ಮೋಡದವರಿಗೆ ತಾವು ಸೇದುತ್ತಿದ್ದೇವೆ ಎಂಬುದೇ ಒಪ್ಪಿಗೆಯಿಲ್ಲ. ಆ ಇ-ಸಿಗರೇಟನ್ನು ಮಾರುವುದಕ್ಕೆ ಕಾನೂನಿನಲ್ಲಿ ನಿಷೇಧವಿದೆಯಂತೆ. ಮಕ್ತಲ್ ಬಸ್ಸಿನ ಹಿಂದಿನ ಸೀಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮದುವೆಯ ದಿನಗಳು. ಒಂದು ಬೆಳಿಗ್ಗೆ ದೀಪ ಹಚ್ಚಿ ಗಾದಿಯ ಮೇಲೆ ಕೂತಿದ್ದೆ. ಧರೂರಿನಿಂದ ಒಂದು ಕುಟುಂಬ ಬಂತು: ಮದುಮಗ, ಅವನ ತಾಯಿ, ತಾಯಿಯ ತಾಯಿ. ದಿನದ ಮೊದಲ ಮಾರಾಟಕ್ಕೆ ಬೋಣಿ ಎನ್ನುತ್ತೇವೆ. ಬೋಣಿಯ ಗಿರಾಕಿ ಬರಿಗೈಲಿ ಹೋದರೆ, ಅಥವಾ ಬೋಣಿಗೆ ಮುಂಚೆ ನಾವು ಗಾದಿ ಬಿಟ್ಟು ಎದ್ದರೆ, ಇಡೀ ದಿನ ಕೆಟ್ಟಂತೆ ಎಂದು ನಂಬಿ ಬೆಳೆದವಳು ನಾನು.

ಇನ್ನೊಂದು ಗುಟ್ಟನ್ನೂ ಹೇಳುತ್ತೇನೆ. ಗಿರಾಕಿ ತನ್ನ ರೇಟು ಹೇಳಿದ ಮೇಲೆ ನಾವು ಮಾತಾಡಬಾರದು. ಸೀರೆ ಮಡಚುತ್ತ ಸುಮ್ಮನಿರಬೇಕು. ಆ ಮೌನವನ್ನು ಮೊದಲು ಮುರಿದವರು ಸೋತರು. ಅದಕ್ಕೆ ಉಸಿರು ಬೇಕು. ಏದುಸಿರು ಬಿಡುವವಳನ್ನು ಕಂಡರೆ ಗಿರಾಕಿ ಇವಳಿಗೇನೋ ಗರಜಿದೆ, ಮಾರಲೇಬೇಕಾಗಿದೆ ಎಂದುಕೊಳ್ಳುತ್ತಾನೆ. ಅದಕ್ಕೇ ನನ್ನ ಇನ್ಹೇಲರನ್ನು, ನಾನು ಪಂಪು ಎನ್ನುತ್ತೇನೆ, ಯಾರ ಕಣ್ಣಿಗೂ ಬೀಳದಂತೆ ಗಾದಿಯ ಕೆಳಗೆ ಇಡುತ್ತಿದ್ದೆ. ಅದನ್ನು ಜಾಣತನ ಎಂದುಕೊಂಡಿದ್ದೆ.

ರಸ್ತೆಯ ಧೂಳು ಬರುತ್ತದೆಂದು ತಾಯಿ ಗಾಜಿನ ಬಾಗಿಲು ಮುಚ್ಚಿಸಿದಳು. ಹತ್ತನೇ ಸೀರೆ ಬಿಚ್ಚುವಾಗ ಮದುಮಗನ ಮುಷ್ಟಿ ತುಟಿಗೆ ಹೋಯಿತು. ಮಾವಿನಹಣ್ಣು. ಹೊಗೆ ಬೇಡಪ್ಪ ಎಂದು ತೆಲುಗಿನಲ್ಲಿ ಮೆತ್ತಗೆ ಹೇಳಿದೆ.

“ಅಮ್ಮಾ, ಇದಿ ಪೊಗ ಕಾದು. ಆವಿರಿ,” ಅಂದ. ಇದು ಹೊಗೆಯಲ್ಲ, ಆವಿ. ತಾಯಿ ನಕ್ಕಳು. ನಾನೂ ವ್ಯಾಪಾರದ ನಗೆ ನಕ್ಕೆ.

ತಾಯಿ ರೇಟು ಹೇಳಿದಳು. ನಾನು ಸುಮ್ಮನಿರಲು ನೋಡಿದೆ, ಆಗಲಿಲ್ಲ. ಬೇಗ ಮುಗಿದು ಬಾಗಿಲು ತೆರೆದರೆ ಸಾಕು ಎಂದು ಇಳಿಸಿದೆ. ಅವಳು ಇನ್ನೂ ಇಳಿಸು ಎಂದಳು. ಮತ್ತೆ ಇಳಿಸಿದೆ. ಎದೆಯಲ್ಲಿ ಸೀಟಿ ಊದುತ್ತಿತ್ತು. ಕೈ ಗಾದಿಯ ಕೆಳಗೆ ಹೋಯಿತು. ಪಂಪು ಜಾರಿ, ಬಿಚ್ಚಿದ ಸೀರೆಗಳ ರಾಶಿಯೊಳಗೆ ಎಲ್ಲೋ ಸೇರಿತ್ತು. ತಾಯಿ ರೇಟನ್ನು ಇನ್ನೊಂದು ಸುತ್ತು ಜಗ್ಗಿದಳು.

ಅಲ್ಲಿಯವರೆಗೆ ಸುಮ್ಮನಿದ್ದ ಮುದುಕಿ ಮಗಳ ಮೊಣಕೈ ಹಿಡಿದು ಕನ್ನಡದಲ್ಲಿ ಹೇಳಿದಳು: “ಆಕಿ ರೇಟು ಇಳಸಾಕ ಹತ್ತಿಲ್ಲ ಬೇ. ಆಕಿಗೆ ದಮ್ಮು ಹತ್ತೈತಿ.”

ದಮ್ಮು ಎಂದರೆ ನಮ್ಮ ಕಡೆ ಉಬ್ಬಸವೇ. ಮುದುಕಿ ಮಕ್ತಲ್‌ನ ಮನೆಮಗಳು; ಆ ಊರು ಕರ್ನಾಟಕದ ಗಡಿಯಲ್ಲಿ, ಅಲ್ಲಿ ಕನ್ನಡವೂ ನಡೆಯುತ್ತದೆ. ಮೊಮ್ಮಗ ಹೋಗಿ ಬಾಗಿಲು ತೆರೆದ. ನಾನು ಕೈಸನ್ನೆಯಲ್ಲಿ ರಾಶಿ ತೋರಿಸಿದೆ; ಮುದುಕಿ ಸೀರೆಗಳನ್ನು ಒಂದೊಂದಾಗಿ ಝಾಡಿಸಿ ಪಂಪು ಹುಡುಕಿಕೊಟ್ಟಳು. ಅದರಿಂದ ದಮ್ಮು ಪೂರ್ತಿ ಇಳಿಯಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮುಖಕ್ಕೊಂದು ಬಟ್ಟಲು ಕಟ್ಟಿ ಔಷಧದ ಆವಿ ಕೊಟ್ಟರು. ಒಂದು ಆವಿ ಕಟ್ಟಿದ ಎದೆಯನ್ನು ಇನ್ನೊಂದು ಆವಿ ಬಿಡಿಸಿತು.

ಮುದುಕಿ ಮಂಚದ ಪಕ್ಕದಲ್ಲೇ ಕೂತಿದ್ದಳು. ಯಾವ ಊರಾಕಿ ಎಂದು ಕೇಳಿದಳು, ಹೇಳಿದೆ.

“ಮತ್ತ ಬಾಯಿಬಿಟ್ಟು ಹೇಳಾಕ ಏನಾಗಿತ್ತು ನಿನಗ?”

“ಬೋಣಿ ಗಿರಾಕಿ ಅಲ್ರೀ ಯಮ್ಮಾ.”

“ಬೋಣಿ ಮಾಡಾಕ ನೀ ಉಳೀಬೇಕಲ್ಲ. ಸತ್ತಾಕಿ ಗಾದಿ ಮ್ಯಾಲ ಯಾವ ಲಕ್ಷ್ಮಿ ಬರ್ತಾಳ?”

ಮದುಮಗ ಗೋಡೆಗೆ ಒರಗಿ ನಿಂತಿದ್ದ. ಅವನ ಅಂಗಿಯಿಂದ ಇನ್ನೂ ಮಾವಿನ ವಾಸನೆ ಬರುತ್ತಿತ್ತು.

ಎದೆಯ ಕಾಯಿಲೆಯಿರುವವರು ನನ್ನ ಮಾತು ಕೇಳಿ. ಪಂಪನ್ನು ಬಚ್ಚಿಡಬೇಡಿ; ನನ್ನದು ಈಗ ದೀಪದ ಪಕ್ಕದಲ್ಲೇ ಕೂರುತ್ತದೆ. ಉಸಿರು ಬಿಗಿಹಿಡಿದು ಸಹಿಸಲು ಹೋಗಬೇಡಿ, ಆಮೇಲೆ ಎಳೆಯುವ ಉಸಿರು ದುಪ್ಪಟ್ಟಾಗಿರುತ್ತದೆ. ಎದ್ದು ಹೊರಗೆ ಬನ್ನಿ. ಬಸ್ಸಿನಲ್ಲಿ ಮುಂದಿನ ಕಿಟಕಿ ಹಿಡಿಯಿರಿ. ಬೇಡ ಎಂದರೆ ಯಾರೂ ಕೇಳುವುದಿಲ್ಲ, ಬದಲಿಗೆ ಏನಾದರೂ ಕೊಡಿ. ನಾನು ಹೇಳುವುದು ಇಷ್ಟು: ನಿಮ್ಮ ಆವಿ ಹೊರಗೆ ಮುಗಿಸಿ ಬನ್ನಿ, ಚಹಾ ನನ್ನದು. ಹತ್ತರಲ್ಲಿ ಏಳು ಜನ ಹೋಗುತ್ತಾರೆ. ಉಳಿದ ಮೂವರಿಗಾಗಿ ನಾನೇ ಎದ್ದು ಹೊರಗೆ ಹೋಗುತ್ತೇನೆ, ಬೋಣಿಯಾಗಿರಲಿ ಬಿಡಲಿ. ಒಂದು ದಿನವೂ ಮನಸ್ಸು ಅಳುಕದೆ ಎದ್ದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿಲ್ದಾಣದಲ್ಲಿ, ಸಂತೆಯಲ್ಲಿ ಈ ಚೌಕಾಸಿಯೂ ನಡೆಯುವುದಿಲ್ಲ. ಅಲ್ಲಿ ಗಾಳಿ ಯಾರ ಅಂಗಡಿಯದೂ ಅಲ್ಲ.

ಬೇಸಿಗೆಯಲ್ಲಿ ಆ ಮದುಮಗ ಒಂದು ಬುಟ್ಟಿ ಮಾವಿನಹಣ್ಣು ತಂದ, ಅಜ್ಜಿ ಕಳಿಸಿದ್ದು. ಹೊಸ್ತಿಲ ಆಚೆಯೇ ನಿಂತು, ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಎರಡೂ ಅಂಗೈ ಬಿಚ್ಚಿ ತೋರಿಸಿದ. ಖಾಲಿ ಇದ್ದವು. ಒಳಗೆ ಬಾ ಎಂದು ಕರೆಯಬೇಕಿತ್ತು. ಅಷ್ಟರಲ್ಲಿ ಬುಟ್ಟಿಯ ವಾಸನೆ ಬಂತು, ನನ್ನ ಕೈ ತಾನಾಗಿ ಪಂಪಿನತ್ತ ಹೋಯಿತು. ಅವನು ಅದನ್ನು ನೋಡಿ, ಬುಟ್ಟಿ ಅಲ್ಲೇ ಬಿಟ್ಟು ಹೋದ. ನಿಜವಾದ ಹಣ್ಣು, ನನಗೆ ಗೊತ್ತಿತ್ತು. ಎದೆಗೆ ಗೊತ್ತಾಗಲಿಲ್ಲ.

ಆ ಬುಟ್ಟಿಯನ್ನು ರಾಯಚೂರಿಗೆ, ತಂಗಿಯ ಮನೆಗೆ ಒಯ್ದೆ. ಬಸ್ಸಿನಲ್ಲಿ ಅದು ಟಾಪಿನ ಮೇಲೆ, ನಾನು ಮುಂದಿನ ಕಿಟಕಿಯಲ್ಲಿ. ರಾಯಚೂರಿನಲ್ಲಿ ಗಿರಣಿಗಳು ಓಡುತ್ತಿದ್ದವು, ಅರ್ಧ ಗಂಟೆಯಲ್ಲಿ ಹೊಟ್ಟಿನ ಧೂಳಿಗೆ ನನ್ನ ಮೂಗು ಕಟ್ಟಿತು. ಇಲ್ಲಿಗೇ ಬಂದುಬಿಡು ಅಕ್ಕಾ ಎಂದು ತಂಗಿ ಹಣ್ಣು ಹೆಚ್ಚಿ ಮುಂದಿಟ್ಟಳು. ಒಂದು ಹೋಳು ಬಾಯಿಗಿಟ್ಟೆ. ಸಿಹಿಯಾಗಿತ್ತು. ಕಟ್ಟಿದ ಮೂಗಿಗೆ ವಾಸನೆ ಹತ್ತಲಿಲ್ಲ, ಅದಕ್ಕೇ ತಿನ್ನಲು ಆಯಿತು.