ಜಮಖಾನದ ಮೇಲೆ ಕೂರದ ಬೀಗರು

ಕೊಕ್ಕರೆಯಷ್ಟು ಬೆಳ್ಳಗಿನ ಪಂಚೆ, ಅದರ ಅಂಚು ಎಡಗೈಯ ಎರಡು ಬೆರಳಲ್ಲಿ, ಬಲಗೈಯಲ್ಲಿ ಅವರೆಕಾಯಿ ತುಂಬಿದ ಚೀಲ. ನನ್ನ ಬೀಗರು ತೂಬಗೆರೆಯಿಂದ ಹೊರಟು ನಮ್ಮ ಅರಿಶಿನಕುಂಟೆಯ ಮನೆಗೆ ಬರುತ್ತಿದ್ದುದು ಹೀಗೆ. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೆವು. ಗಂಡಿನ ಕಡೆಯವರೆಂಬ ಗತ್ತು ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ನಡುಮನೆಯಲ್ಲಿ ಜಮಖಾನ ಹಾಸಿದರೆ ಸಾಕು, ಗೋಡೆಗೊರಗಿ ಕೂತು ಹರಟಿ, ಉಂಡು, ಅಲ್ಲೇ ಒಂದು ಕೋಳಿನಿದ್ದೆ ತೆಗೆಯುತ್ತಿದ್ದರು. ನಾನೂ ಪಕ್ಕದಲ್ಲಿ ಅಡ್ಡಾಗುತ್ತಿದ್ದೆ. ಹೊಂಗೆಮರದ ನೆರಳು ಕಿಟಕಿಯಿಂದ ಬಂದು ನಮ್ಮಿಬ್ಬರ ಮೇಲೆ ಓಲಾಡುತ್ತಿತ್ತು. ಆ ಮಧ್ಯಾಹ್ನಗಳನ್ನು ನಿಜವಾಗಿ ಕಳೆದೆನೋ ಕನಸಿನಲ್ಲಿ ಕಂಡೆನೋ ಎಂದು ಈಗ ಅನುಮಾನವಾಗುತ್ತದೆ.

ಒಮ್ಮೆ ಅಳಿಯ ಫೋನ್ ಮಾಡಿ, ಅಪ್ಪನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇತ್ತು, ಹೊಕ್ಕುಳ ಕೆಳಗೆ ಉದ್ದಕ್ಕೆ ಕೊಯ್ದು ತೆಗೆದಿದ್ದಾರೆ, ಈಗ ಪರವಾಗಿಲ್ಲ ಎಂದ. ಚೇತರಿಸಿಕೊಂಡು ಬಂದ ಬೀಗರು ಕಪ್ಪು ಪ್ಯಾಂಟು ತೊಟ್ಟಿದ್ದರು. ಜಮಖಾನ ಹಾಸಿದೆ, ಕೂರಲಿಲ್ಲ. ಕಂಬ ಹಿಡಿದು ನಿಂತೇ ನೀರು ಕುಡಿದರು, ಊಟಕ್ಕೂ ನಿಲ್ಲದೆ ಹೊರಟರು. ಮುಂದಿನ ಸಲವೂ ಹಾಗೆಯೇ. ಬೀಗರು ಕೂರುವುದಿಲ್ಲ, ಉಣ್ಣುವುದಿಲ್ಲ ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಮಗಳು ಅಲ್ಲಿ ಏನು ತಪ್ಪು ಮಾಡಿದಳೋ ಎಂದು ನನ್ನ ಹೆಂಡತಿ ಒಳಗೊಳಗೇ ಕೊರಗಿದಳು. ಏನೂ ಇಲ್ಲಮ್ಮ ಎಂದು ಮಗಳು ಎಷ್ಟು ಹೇಳಿದರೂ ನಂಬಲಿಲ್ಲ.

ಆಮೇಲೆ ನನ್ನ ಸರದಿ. ಅದೇ ಕಾಯಿಲೆ. ಹೊಟ್ಟೆ ಕೊಯ್ದೂ ತೆಗೆಯಬಹುದು, ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಳಿಸಿಯೂ ತೆಗೆಯಬಹುದು ಎಂದರು ಡಾಕ್ಟರು. ತೂತಿನದಾದರೆ ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು. ಮಿಕ್ಕಿದ್ದನ್ನೂ ಹೇಳಿದರೋ ಏನೋ, ನನ್ನ ಕಿವಿಗೆ ಬಿದ್ದದ್ದು ಇಷ್ಟೇ. ನೋಡಲು ಬಂದ ಬೀಗರ ಮುಂದೆ, ನನ್ನದು ಹೊಸ ಕಾಲದ ಆಪರೇಷನ್ನು, ಏನೂ ತೊಂದರೆಯಿಲ್ಲ ಎಂದು ಜಂಬ ಕೊಚ್ಚಿದೆ. ಅವರು ಬಾಗಿಲು ಮುಂದೆ ಮಾಡಿ, ನೆಲ ನೋಡುತ್ತ ಹೇಳಿದರು:

“ನಂಗೆ ಉಚ್ಚೆ ನಿಲ್ಲಲ್ಲ ಬೀಗ್ರೇ. ಕೆಮ್ಮಿದ್ರೂ ಹೋಗ್ಬುಡ್ತದೆ. ನಿಮ್ಮ ಜಮಖಾನ ಒದ್ದೆ ಆಗ್ಬುಟ್ರೆ ಅಂತ ಕೂರ್ತಿರ್ಲಿಲ್ಲ. ಕೊಯ್ದಿದ್ಕೇ ಹಿಂಗಾಯ್ತು ಅನ್ಕೋಬೇಡಿ. ತೂತು ಮಾಡಿಸ್ಕೊಂಡೋರೂ ನನ್ನಂಗೇ ಬಟ್ಟೆ ಕಟ್ಕೊಂಡು ಡಾಕ್ಟ್ರ ತಾವ ಬರ್ತಿದ್ರು. ಮೇಲಿನ ಗಾಯ ಚಿಕ್ಕದು, ಒಳಗಿನ ಕೆಲಸ ಒಂದೇ. ಗಂಡ ಹೆಂಡ್ತಿ ವಿಚಾರಾನೂ ಕೇಳ್ಕಳಿ. ತಿಳ್ಕೊಂಡು ಮಾಡಿಸ್ಕಳಿ.”

ಬೀಗ ಬೀಗನ ಮುಂದೆ ಸತ್ತರೂ ಆಡದ ಮಾತು ಅದು. ನಾನು ಕಣ್ಣು ಮುಚ್ಚಿಕೊಂಡು ಹೋಗಿ ಮಲಗಬಾರದೆಂದು ಆಡಿದರು. ಮಗಳ ಬಗ್ಗೆ ಇದ್ದ ದಿಗಿಲೂ ಅವತ್ತೇ ಇಳಿಯಿತು. ಡಾಕ್ಟರನ್ನು ಮತ್ತೆ ಕೂರಿಸಿಕೊಂಡು ಎಲ್ಲ ಕೇಳಿದೆ. ಸೋರುವುದು, ಗಂಡಸುತನಕ್ಕೆ ಪೆಟ್ಟು ಬೀಳುವುದು ಎರಡರಲ್ಲೂ ಆಗಬಹುದು, ಹಲವರಿಗೆ ನಿಧಾನವಾಗಿ ಸರಿಹೋಗುತ್ತದೆ, ಕೆಲವರಿಗೆ ಇಲ್ಲ ಎಂದರು. ಒಪ್ಪಿಕೊಂಡು ತೂತಿನದನ್ನೇ ಮಾಡಿಸಿಕೊಂಡೆ.

ಗಾಯಗಳು ಬೇಗ ಮಾಯ್ದವು. ಉಚ್ಚೆಯ ನಳಿಕೆ ತೆಗೆದ ಮೇಲೆ ನನಗೂ ಸೋರತೊಡಗಿತು. ನಾಚಿಕೆಯಾಯಿತು, ಆದರೆ ದಿಕ್ಕು ತಪ್ಪಲಿಲ್ಲ. ಬೀಗರು ಬಂದು ಎಂದಿನಂತೆ ಕಂಬ ಹಿಡಿದು ನಿಂತರು. ನಾನು ಜಮಖಾನ ಹಾಸಿ, ಮೊದಲು ನಾನೇ ಕೂತೆ.

“ಕೂತ್ಕಳಿ ಬೀಗ್ರೇ. ಒದ್ದೆ ಮಾಡಿದ್ರೆ ಇಬ್ರೂ ಸೇರ್ಕೊಂಡು ಮಾಡಾಣ” ಎಂದೆ.

ಕಂಬ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಉಂಡರು. ಉಚ್ಚೆ ತಡೆದುಕೊಂಡ ಹಾಗೆ ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಹೇಳಿಕೊಟ್ಟರು. ಇಬ್ಬರೂ ಕಣ್ಣು ಮುಚ್ಚಿ ಅದನ್ನೇ ಮಾಡುತ್ತಿದ್ದರೆ, ಏನೋ ಧ್ಯಾನವಿರಬೇಕೆಂದು ಹೆಂಡತಿ ಸದ್ದಿಲ್ಲದೆ ಓಡಾಡಿದಳು. ಹೊಂಗೆಯ ನೆರಳು ಮತ್ತೆ ನಮ್ಮ ಮೇಲೆ ಓಲಾಡುತ್ತಿತ್ತು.

ನನ್ನದು ಕ್ರಮೇಣ ನಿಂತಿತು. ಅವರದು ನಿಲ್ಲಲೇ ಇಲ್ಲ, ಆದರೂ ಬಂದಾಗಲೆಲ್ಲ ಕೂತರು. ಹೋದ ಶ್ರಾವಣದಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು. ನಮ್ಮ ಕಡೆಯಿಂದ ಬಿಳೀ ಪಂಚೆ ಒಯ್ದೆ. ಹೊದಿಸುವಾಗ ಅಳು ತಡೆಯಲಾಗಲಿಲ್ಲ.

ಜಮಖಾನವನ್ನು ಹೆಂಡತಿ ಎಷ್ಟು ಒಗೆದರೂ ಗೋಡೆಯ ಕಡೆ ಒಂದು ಮಾಸಲು ಕಲೆ ಉಳಿದಿದೆ. ಅದು ಅವರದೋ ನನ್ನದೋ ಗೊತ್ತಿಲ್ಲ. ಮಧ್ಯಾಹ್ನ ಅದರ ಪಕ್ಕದಲ್ಲೇ ಮಲಗುತ್ತೇನೆ.