ಹಾಲಿನ ಕಾವಲಿಗೆ ಬಾಯಿ ಬಂತು

ಒಂದೂರಿನಲ್ಲಿ ಒಬ್ಬ ಕಾವಲುಗಾರನಂತೆ. ಹಗಲಿರುಳು ರೆಪ್ಪೆ ಮುಚ್ಚದೆ ಕಂಡದ್ದನ್ನೆಲ್ಲ ಬರೆದಿಡುತ್ತಾನಂತೆ. ಪಾಪ, ಬಾಯಿಲ್ಲ. ಕಳ್ಳ ಬಂದರೂ 'ಕಳ್ಳ ಬಂದ' ಎಂದು ಬರೆದು ಸುಮ್ಮನೆ ಕೂರುತ್ತಾನಂತೆ.

ಆ ಕಾವಲುಗಾರ ಈಗ ಶಾಂತಿಗ್ರಾಮದ ಖಾಸಗಿ ಹಾಲಿನ ಕೇಂದ್ರವೊಂದರ ಮೂಲೆಯಲ್ಲಿ, ಸರ್ವರ್ ಎಂಬ ಹೆಸರಿನಲ್ಲಿ ಗುಂಯ್‌ಗುಡುತ್ತಿದ್ದಾನೆ. ಹಾಲು ತಣ್ಣಗಿಡುವ ತೊಟ್ಟಿಗೆ ಏನೇ ಆಗಲಿ, ಅವನ ದಿನಚರಿಯಾದ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ಆ ಸಾಲು ಓದಲೆಂದೇ ಸ್ಪಂದನಾ ಹಾಸನದಿಂದ ಮೊದಲ ಬಸ್ಸಿಗೆ ಬಂದಿಳಿಯುತ್ತಾರೆ. ಮಬ್ಬು ಇನ್ನೂ ಹರಿದಿಲ್ಲ. ಬೀಗ ತೆಗೆದೊಡನೆ, ಚಪ್ಪಲಿ ಬಿಡುವ ಮೊದಲೇ ಪರದೆಯ ಮೇಲೆ ಕಣ್ಣು.

ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವರು ಇವರೊಬ್ಬರೇ. ಕಳೆದ ಬೇಸಿಗೆಯಲ್ಲೊಮ್ಮೆ ರಾತ್ರಿ ಕರೆಂಟು ಹೋದದ್ದನ್ನು ಸರ್ವರ್ ಬರೆದಿಟ್ಟಿತು, ಓದುವವರಿರಲಿಲ್ಲ. ಬೆಳಗಾಗುವಷ್ಟರಲ್ಲಿ ತೊಟ್ಟಿಯ ಹಾಲೆಲ್ಲ ಒಡೆದು ಚರಂಡಿ ಪಾಲು. ಅಂದಿನಿಂದ ಮೂರು ಹಸು ಸಾಕಿರುವ ಬಸವಲಿಂಗಮ್ಮ ಸಂಜೆಯ ಹಾಲು ತರುವುದನ್ನೇ ಬಿಟ್ಟರು. ಅವರ ಹಿಂದೆ ಇಡೀ ಬೀದಿ ಬಿಟ್ಟಿತು. ಹೀಗೇ ಆದರೆ ಕೇಂದ್ರಕ್ಕೇ ಬೀಗ. "ಸರ್ವರ್ರೇ ನಮ್ಗೆ ಮೇಲ್ ಕಳ್ಸೋ ಅಂಗೆ ಮಾಡ್ತೀನಿ ಕಣಕ್ಕಾ" ಎಂದು ಸ್ಪಂದನಾ ಬಸವಲಿಂಗಮ್ಮನ ಮನೆಗೇ ಹೋಗಿ ಮಾತು ಕೊಟ್ಟರು.

ಮೊದಲು ಪ್ರತಿ ಸಾಲಿಗೂ ಮೇಲ್ ಬರುವಂತೆ ಮಾಡಿದರು. ಬಾಗಿಲು ತೆರೆದರೂ ಮೇಲ್, ಮುಚ್ಚಿದರೂ ಮೇಲ್. "ಏನಮ್ಮಾ, ನನ್ ಫೋನು ಜೇನುಗೂಡಾಗೋಯ್ತಲ್ಲ!" ಎಂದರು ಮೇಲ್ವಿಚಾರಕ ಗೌರೀಶಂಕರ. ಆಮೇಲೆ, ಕರೆಂಟು ಹೋದರೆ, ಹಾಲು ಬಿಸಿಯಾದರೆ ಮಾತ್ರ ಎಂದು ಸ್ಪಂದನಾ ಬದಲಿಸಿದರು. ಆದರೆ ನಿಜವಾಗಿ ಕರೆಂಟು ಹೋದ ಮಧ್ಯಾಹ್ನ ಮೇಲ್ ಬರಲೇ ಇಲ್ಲ. ಸರ್ವರ್‌ಗೆ ಬ್ಯಾಟರಿ ಇತ್ತು, ಇಂಟರ್ನೆಟ್ ಡಬ್ಬಿಗೆ ಇರಲಿಲ್ಲ. "ಅದು ಮೇಲ್ ಬರ್ದು ಕೂತದೆ, ಓಗಾಕೆ ದಾರೀನೇ ಇಲ್ಲ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ ಕಣ್ರೀ" ಎನ್ನುತ್ತಾರೆ ಸ್ಪಂದನಾ.

ಇಂದು ಡಬ್ಬಿಗೂ ಬ್ಯಾಟರಿ ಬಂದಿದೆ. ಬಸವಲಿಂಗಮ್ಮ ಬೆಳಗಿನ ಹಾಲಿನ ಕ್ಯಾನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ.

"ಇವತ್ತಾದ್ರೂ ಮಾತಾಡ್ತದೇನವ್ವಾ ನಿನ್ ಪೆಟ್ಗೆ? ಇಲ್ಲಾ, ಮುನಿಸ್ಕೊಂಡದಾ?"

"ನೀನೇ ನೋಡಕ್ಕಾ. ಚೆನ್ನಯ್ಯಣ್ಣಾ, ಮೇನ್ ಆರ್ಸು."

ಜನರೇಟರ್ ನೋಡಿಕೊಳ್ಳುವ ಚೆನ್ನಯ್ಯ ಸ್ವಿಚ್ ಎಳೆಯುತ್ತಾರೆ. ದೀಪ ಹೋಗುತ್ತದೆ, ತೊಟ್ಟಿಯ ಸದ್ದು ಅಡಗುತ್ತದೆ. ಸ್ಪಂದನಾ ಅಂಗೈಯಲ್ಲಿರುವ ಫೋನನ್ನೇ ದಿಟ್ಟಿಸುತ್ತಾರೆ. ಏನಿಲ್ಲ. ಚೆನ್ನಯ್ಯ ಸುಮ್ಮನೆ ಕೆಮ್ಮುತ್ತಾರೆ.

ಟಿಣ್.

ಹಿಂದೆಯೇ ಚೆನ್ನಯ್ಯನವರ ಜೇಬಿನಲ್ಲಿ ಇನ್ನೊಂದು. "ನಂಗೂ ಬಂತು ಕಣವ್ವೋ!" ಎನ್ನುತ್ತಲೇ ಅವರು ಜನರೇಟರ್ ಕಡೆಗೆ ಓಡುತ್ತಾರೆ.

ಸ್ಪಂದನಾ ಗೋಡೆಗೊರಗಿ, ಕಣ್ಣು ಮುಚ್ಚಿ, ಉಸಿರು ಬಿಡುತ್ತಾರೆ. ತೊಟ್ಟಿ ಮತ್ತೆ ಸದ್ದು ಮಾಡತೊಡಗುತ್ತದೆ. ಬಸವಲಿಂಗಮ್ಮ ಕ್ಯಾನಿನ ಮುಚ್ಚಳ ತೆಗೆಯುತ್ತಾರೆ.

"ಸಂಜೆ ಹಾಲೂ ತತ್ತೀನಿ ಬುಡು. ನೀನು ನಾಳೀಕೆ ಮೊದ್ಲ ಬಸ್ ಬುಟ್ಟು ವಸಿ ಮಲ್ಕೊ."