ಮರ್ಲಿನ್ ಬರೆದಿಟ್ಟ ಲಕೋಟೆಗಳು

ಮರ್ಲಿನ್ ಹುಕ್‌ಸ್ಟ್ರಾನನ್ನು ಮಣ್ಣುಮಾಡಿ ಹನ್ನೆರಡನೆಯ ದಿನಕ್ಕೆ ಅವನಿಂದಲೇ ಕಾಗದ ಬಂತು. ಲಕೋಟೆಯ ಮೇಲೆ ಅವನದೇ ಅಕ್ಷರ, ಅವನದೇ ನೀಲಿ ಶಾಯಿ. ಹೆಂಡತಿ ಆರ್ಡಿಸ್ ಅಂಗಳದಂಚಿನ ಟಪಾಲು ಡಬ್ಬಿಯನ್ನು ಹಿಡಿದುಕೊಂಡು ನಿಂತುಬಿಟ್ಟಳು.

“ಹೆದರ್ಕೋಬೇಡಿ ಮಿಸೆಸ್ ಹುಕ್‌ಸ್ಟ್ರಾ,” ಅಂದಳು ಅಂಚೆಯ ರೋಂಡಾ. “ಸ್ವರ್ಗದ ಮುದ್ರೆ ಏನೂ ಬಿದ್ದಿಲ್ಲ. ಫ್ಲೋರಿಡಾದ್ದು.”

ವಿಷಯ ಇಷ್ಟೆ. ಅಯೋವಾದ ಆ ಪುಟ್ಟ ಊರಲ್ಲಿ ಮರ್ಲಿನ್ ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರು ಓದಿದ. ಅದು ಬರೀ ವೇಷ, ಒಳಗಿದ್ದವನು ಆಟಗಾರರ ಸಹಿ ಕೂಡಿಸುವ ಚಕ್ರವರ್ತಿ. ಪ್ರತಿ ಫೆಬ್ರವರಿಯಲ್ಲಿ ಅಡುಗೆಮನೆಯ ಮೇಜು ರಣರಂಗವಾಗುತ್ತಿತ್ತು. ಆರ್ಡಿಸ್ ತನ್ನ ರೊಟ್ಟಿ ಹಿಟ್ಟಿನ ಸಮೇತ ಬಟ್ಟೆ ಒಗೆಯುವ ಯಂತ್ರದ ಮೇಲಕ್ಕೆ ಗಡೀಪಾರು. ಉದಯಿಸಿದ ಬೇಸ್‌ಬಾಲ್ ಸೂರ್ಯರ ಸಹಿ ಕೊಳ್ಳುವ ತಾಕತ್ತು ಅವನ ಪಿಂಚಣಿಗೆಲ್ಲಿ? ಹಾಗಾಗಿ ಮೀಸೆ ಮೂಡುವ ಮುಂಚೆಯೇ ಅವರನ್ನು ಹಿಡಿಯುತ್ತಿದ್ದ. ಕೆಳದರ್ಜೆಯ ತಂಡಗಳಲ್ಲಿ ಆಡುವ ಹತ್ತೊಂಬತ್ತರ ಹುಡುಗರ ಚಿತ್ರವಿರುವ ಕಾರ್ಡು ಎರಡು ಕಾಫಿಯ ಬೆಲೆಗೆ ಸಿಗುತ್ತಿತ್ತು. ಅದನ್ನು ಒಂದು ವಿನಯದ ಪತ್ರದೊಂದಿಗೆ ಆ ಹುಡುಗನಿಗೇ ಕಳಿಸುವುದು. ಒಳಗೆ ತನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆ ಮಡಚಿಡುವುದು. ಹುಡುಗ ಸಹಿ ಹಾಕಿ, ಅದರಲ್ಲಿ ತುರುಕಿ, ಡಬ್ಬಿಗೆ ಹಾಕಿದರೆ ಮುಗಿಯಿತು.

ಇಪ್ಪತ್ತು ವರ್ಷದಲ್ಲಿ ಹೀಗೆ ನಾನೂರು ಹುಡುಗರು ಸಿಕ್ಕರು. ದೊಡ್ಡ ಮೈದಾನ ಕಂಡವರು ಇಬ್ಬರೇ, ಅದರಲ್ಲೊಬ್ಬ ಹನ್ನೊಂದು ದಿನ. ಆ ಹನ್ನೊಂದು ದಿನ ಮರ್ಲಿನ್ ಊರಲ್ಲಿ ರಾಜನ ಬೀಗನಂತೆ ತಿರುಗಿದ. ಉಳಿದವರು ಆಟ ಬಿಟ್ಟು ಟ್ರ್ಯಾಕ್ಟರು ಮಾರುವವರಾದರು, ಸೂರು ಹೊದಿಸುವವರಾದರು. ಅವರ ಕಾರ್ಡುಗಳನ್ನೂ ಅವನು ಎಸೆಯಲಿಲ್ಲ. ಕೂದಲುದುರಿದ ನಲವತ್ತರ ಗಾರೆಯವನ ಬಗ್ಗೆಯೂ, “ಅವನಿಗಿನ್ನೂ ಕಾಲ ಮಿಂಚಿಲ್ಲ ಕಣೇ,” ಅನ್ನುತ್ತಿದ್ದ.

ಈ ಫೆಬ್ರವರಿಯಲ್ಲಿ ಮೂವತ್ತೊಂದು ಕಳಿಸಿದ್ದ. ಮಾರ್ಚಿನಲ್ಲಿ ಹಿಮ ಎತ್ತಿಹಾಕುತ್ತ ಸಲಿಕೆಯ ಜೊತೆಗೇ ಉರುಳಿದ.

ಬೇಸಿಗೆಯಿಡೀ ಅವನ ಅಕ್ಷರ ಮನೆಗೆ ಬರುತ್ತಲೇ ಇತ್ತು. ಆರ್ಡಿಸ್ ಒಂದನ್ನೂ ಒಡೆಯಲಿಲ್ಲ; ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದಳು. ಮರ್ಲಿನ್‌ನ ಗೆಳೆಯನೂ ಕಡುವೈರಿಯೂ ಆದ, ಕಾರ್ಡಿನ ಹುಚ್ಚಿನ ಡೆಲ್ಬರ್ಟ್ ಅದನ್ನು ಕಂಡು ಎದೆ ಹಿಡಿದುಕೊಂಡ.

“ಒಡೆದಿಲ್ವಾ? ಒಂದೂ? ಅಲ್ಲ ಆರ್ಡಿಸ್, ಮಾಲು ಇರೋದು ಒಳಗೆ!”

“ನಂದು ಹೊರಗಿದೆ,” ಅಂದಳು ಆರ್ಡಿಸ್. “ಕಾಫಿ ಕುಡಿ, ಸುಮ್ನಿರು.”

ಆಗಸ್ಟಿನ ಹೊತ್ತಿಗೆ ಮೂವತ್ತು ಬಂದವು. ಲಕೋಟೆಯ ಮೂಲೆಯಲ್ಲಿ ಮರ್ಲಿನ್ ಬರೆದಿದ್ದ ಆಟಗಾರರ ಹೆಸರನ್ನು ಅವನ ಪಟ್ಟಿಗೆ ತಾಳೆ ನೋಡಿದಳು, ಇನ್ನೊಂದು ಬಾಕಿ: ವಿಲ್ಮಾರ್ ಪೆಗೇರೊ, ಡೊಮಿನಿಕನ್ ಹುಡುಗ, ಚೆಂಡೆಸೆಯುವವನು. ಮರ್ಲಿನ್ ಕೈಯಿಂದ ಮನೆಗೆ ಬರಬೇಕಾದದ್ದು ಈ ಲೋಕದಲ್ಲಿ ಅದೊಂದೇ. ಆರ್ಡಿಸ್ ದಿನಾ ಹನ್ನೊಂದಕ್ಕೆ ಡಬ್ಬಿಯ ಬಳಿ ಹಾಜರು.

“ಕೆಲವರು ಮೂರು ವರ್ಷ ಬಿಟ್ಟು ಕಳಿಸ್ತಾರೆ,” ಅಂದ ಡೆಲ್ಬರ್ಟ್. “ಕಾಯ್ಬೇಕು. ಜ್ಞಾಪಿಸಿ ಮಾತ್ರ ಬರೀಬಾರ್ದು. ನಮ್ಮಲ್ಲಿ ಅದು ಮಹಾಪಾಪ.”

ಆರ್ಡಿಸ್ ಸೆಪ್ಟೆಂಬರಿನವರೆಗೆ ತಡೆದಳು. ಆಮೇಲೆ ಪಾಪ ಮಾಡಿದಳು. ಲಕೋಟೆ ಬೇಕು ಅಂತ ಬರೆದರೆ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಾನು. ಅದಕ್ಕೆ ಗಂಡನ ಹೆಸರಲ್ಲೇ ಬರೆದಳು: ‘ನನ್ನ ಕಾರ್ಡು ಇನ್ನೂ ತಲುಪಿಲ್ಲ. ದಯವಿಟ್ಟು ಕಳಿಸಿಕೊಡಿ. ಮರ್ಲಿನ್ ಹುಕ್‌ಸ್ಟ್ರಾ.’

ಒಂಬತ್ತನೆಯ ದಿನಕ್ಕೆ ಉತ್ತರ ಬಂತು. ದಪ್ಪನೆಯ ಹೊಸ ಬಿಳಿ ಲಕೋಟೆ. ವಿಳಾಸ ಶಾಲೆಯ ಹುಡುಗನಂತೆ ಗುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು.

ಇದನ್ನು ಆರ್ಡಿಸ್ ಒಡೆದಳು. ಮೂರು ಕಾರ್ಡು. ಮೂರರ ಮೇಲೂ ‘ನನ್ನ ಗೆಳೆಯ ಮರ್ಲಿನ್‌ಗೆ’. ಜೊತೆಗೊಂದು ಚೀಟಿ.

‘ಮಾನ್ಯ ಮರ್ಲಿನ್ ಅವರೇ, ತಡವಾದದ್ದಕ್ಕೆ ಕ್ಷಮೆ ಇರಲಿ. ನನಗೆ ಬಂದ ಮೊದಲ ಪತ್ರ ನಿಮ್ಮದು. ಆರು ತಿಂಗಳಿಂದ ನನ್ನ ಚೀಲದಲ್ಲೇ ಜೋಪಾನವಾಗಿತ್ತು. ಆದರೆ ನಿಮ್ಮ ಲಕೋಟೆ ಬೆವರಿಗೆ ಕೊಳಕಾಗಿತ್ತು. ಹಿರಿಯರಿಗೆ ಅಂಥದ್ದರಲ್ಲಿ ಕಳಿಸಿದರೆ ನನ್ನ ಅಮ್ಮ ಬೈಯುತ್ತಾರೆ. ಅದನ್ನು ನಿನ್ನೆ ಎಸೆದು, ಹೊಸದು ಕೊಂಡು, ನಾನೇ ವಿಳಾಸ ಬರೆದಿದ್ದೇನೆ.’

ಸಂಜೆ ಡೆಲ್ಬರ್ಟ್ ಬಂದವನೇ ಕುಣಿದ. “ಮೂರು! ಕೈಬರಹದ ಪತ್ರ ಬೇರೆ! ಸತ್ತಮೇಲೂ ಗೆದ್ದನಲ್ಲ ಕಳ್ಳ! ನಂಗೆ ಇಂಥದ್ದೊಂದು—” ಆರ್ಡಿಸ್‌ಳ ಮುಖ ನೋಡಿದ. “ಏನಾಯ್ತು?”

“ನಿನ್ನೆ ಎಸೆದ್ನಂತೆ ಡೆಲ್ಬರ್ಟ್. ಆರು ತಿಂಗಳು ಇಟ್ಕೊಂಡಿದ್ದ. ನಾನು ಬರೆದೆ, ಎಸೆದ.”

ಡೆಲ್ಬರ್ಟ್ ಕಿಟಕಿಯ ಲಕೋಟೆ ಸಾಲಿನತ್ತ ನೋಡಿ, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಹುಡುಗಂಗೆ ನಿಜ ಬರೀತೀಯಾ?” ಅಂದ.

“ಬೇಡ, ಪಾಪದ ಮಗು. ಅಮ್ಮ ಬೈತಾಳೆ ಅಂತ ಹೊಸದು ಕೊಂಡಿದೆ.”

ಅವನು ಹೋದ ಮೇಲೆ ಆರ್ಡಿಸ್ ಮೇಜಿಗೆ ಕೂತು ಬರೆದಳು: ‘ಪ್ರೀತಿಯ ವಿಲ್ಮಾರ್, ಮೂರೂ ಕಾರ್ಡು ತಲುಪಿದವು. ನಿನ್ನ ಅಕ್ಷರ ಬಹಳ ಚೆನ್ನಾಗಿದೆ. ನನಗೆ ತುಂಬಾ ಸಂತೋಷವಾಯಿತು.’ ಕೆಳಗೆ ಮರ್ಲಿನ್ ಎಂದು ಸಹಿ ಮಾಡಿದಳು. ಅವನ ಸಹಿಗೆ ಹೋಲಲಿಲ್ಲ. ಇನ್ನೊಂದು ಹಾಳೆ ತೆಗೆದು ಮತ್ತೆ ಮಾಡಿದಳು.